ಹಿನ್ನೋಟದ ಕನ್ನಡಿ

'ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?' ಎಂಬ ಗಾದೆಯನ್ನು ಕೇಳದವರಿಲ್ಲ. ಕಣ್ಣೆದುರಿಗೆ ಇರುವುದನ್ನು ಕಾಣಲು ಬೇರೊಂದು ಸಾಧನ ಬೇಕಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ಮನುಷ್ಯನಿಗೆ ಅಂಗೈ ಇರುವಂತೆ ಬೆನ್ನೂ ಒಂದುಂಟು. ಅಂಗೈಯನ್ನು ನೋಡಲು ಕನ್ನಡಿ ಬೇಡ; ಬೆನ್ನನ್ನು ನೋಡಲು ಕನ್ನಡಿಯಿಲ್ಲದೆ ಆಗದು. ಪ್ರಕೃತಿಯು ಮೊಲಕ್ಕೆ ತಲೆಯ ಇಕ್ಕೆಲಗಳಲ್ಲಿ ಕಣ್ಣುಗಳನ್ನು ಕೊಟ್ಟಿದೆ. ತಲೆಯನ್ನು ತಿರುಗಿಸದೆಯೇ ಅದು ಹಿಂದಿನಿಂದ ಬರುವ ಬೇಟೆನಾಯಿಯನ್ನು ಕಾಣಬಲ್ಲದು. ಮಾನವನ ಕಣ್ಣುಗಳಾದರೋ ಎರಡೂ ಮುಂದಕ್ಕೇ ನೋಡುತ್ತವೆ.

ಕಾಲ್ನಡಿಗೆಯಲ್ಲಿ ಸಾಗುತ್ತಿದ್ದ ದಿನಗಳಲ್ಲಿ ಈ ಕೊರತೆಯು ಮಾನವನನ್ನು ಅಷ್ಟಾಗಿ ಬಾಧಿಸಲಿಲ್ಲ. ಹಿಂದೆ ಸಪ್ಪಳವಾದರೆ ನಿಂತು, ತಿರುಗಿ ನೋಡಿದರೆ ಸಾಕಾಗುತ್ತಿತ್ತು. ಚಕ್ಕಡಿ ಹೊಡೆಯುವ ರೈತನಿಗೆ ಹಿಂದೆ ಬರುವ ಎತ್ತುಗಳ ಕೊರಳ ಗಂಟೆಯೇ ಸುದ್ದಿ ತಿಳಿಸುತ್ತಿತ್ತು. ಮೋಟಾರು ವಾಹನ ಬಂದ ಮೇಲೆ ಸಂಗತಿ ಬೇರೆಯಾಯಿತು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಸಾಗುತ್ತದೆ. ಅದರ ಚಾಲಕನು ಎರಡೇ ಎರಡು ಸೆಕೆಂಡು ಕತ್ತು ತಿರುಗಿಸಿ ಹಿಂದೆ ನೋಡಿದನೆಂದರೆ, ಅಷ್ಟರಲ್ಲಿ ಕಾರು 33 ಮೀಟರು ದೂರವನ್ನು ಕುರುಡಾಗಿ ಕ್ರಮಿಸಿರುತ್ತದೆ. ಮುಂದೆ ನೋಡುವುದನ್ನು ಬಿಡದೆ ಹಿಂದನ್ನೂ ಅರಿಯಬೇಕಾದ ಈ ಇಕ್ಕಟ್ಟಿನಿಂದ ಚಾಲಕನನ್ನು ಪಾರುಮಾಡಿದ ಪುಟ್ಟ ಸಾಧನವೇ ಹಿನ್ನೋಟದ ಕನ್ನಡಿ.

ಮಾನವನ ಮೊದಲ ಕನ್ನಡಿ ತಿಳಿನೀರು. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ, ಗಾಳಿಯಿಲ್ಲದ ಬೆಳಗಿನಲ್ಲಿ ನಿಂತವರಿಗೆ ಭೂತನಾಥನ ಗುಡಿ ಎರಡಾಗಿ ಕಾಣುತ್ತದೆ. ಒಂದು ನೀರಿನ ಮೇಲಿನದು, ಇನ್ನೊಂದು ತಲೆಕೆಳಗಾಗಿ ನೀರಿನೊಳಗೆ ತೋರುವುದು. ಮೆಟ್ಟಿಲ ಮೇಲೆ ಯಾರಾದರೂ ಬಟ್ಟೆ ಒಗೆಯತೊಡಗಿದರೆ ನೀರು ಕದಡಿ ಒಳಗಿನ ಗುಡಿ ಚೂರುಚೂರಾಗುತ್ತದೆ. ಅಲೆ ಅಡಗಿದೊಡನೆ ಮತ್ತೆ ಕೂಡಿಕೊಳ್ಳುತ್ತದೆ. ಕನ್ನಡಿಯ ಶಾಸ್ತ್ರವೆಲ್ಲವೂ ಈ ನೋಟದಲ್ಲಿ ಅಡಗಿದೆ. ಮೇಲ್ಮೈ ನುಣುಪಾಗಿದ್ದರೆ ಬೆಳಕಿನ ಕಿರಣವು ಯಾವ ಕೋನದಲ್ಲಿ ಬಂದು ಬೀಳುತ್ತದೆಯೋ ಅದೇ ಕೋನದಲ್ಲಿ ಆಚೆಗೆ ಹಿಂದಿರುಗುತ್ತದೆ. ಪತನಕೋನವೂ ಪ್ರತಿಫಲನಕೋನವೂ ಸಮವೆಂಬ ನಿಯಮವಿದು. ಮೇಲ್ಮೈ ಒರಟಾಗಿದ್ದರೆ ಕಿರಣಗಳು ದಿಕ್ಕುಗೆಟ್ಟು ಚದುರಿಹೋಗುತ್ತವೆ, ಬಿಂಬ ಮೂಡುವುದಿಲ್ಲ.

ನೀರಿನ ಕನ್ನಡಿಯನ್ನು ಕೈಯಲ್ಲಿ ಹಿಡಿದು ಒಯ್ಯಲಾಗದು. ಆದುದರಿಂದ ಪ್ರಾಚೀನರು ಕಂಚು, ತಾಮ್ರ ಮೊದಲಾದ ಲೋಹಗಳನ್ನು ಉಜ್ಜಿ, ಹೊಳಪೇರಿಸಿ ಕನ್ನಡಿ ಮಾಡಿಕೊಂಡರು. ಕೇರಳದ ಆರನ್ಮುಳ ಎಂಬ ಊರಿನಲ್ಲಿ ಇಂದಿಗೂ ಲೋಹದ ಕನ್ನಡಿಗಳನ್ನು ತಯಾರಿಸುತ್ತಾರೆ. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯ ಕೈಯಲ್ಲೂ ದುಂಡನೆಯ ಕನ್ನಡಿಯಿದೆ. ಆಕೆ ಅದರಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದಾಳೆ. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟಸ್ ಫಾನ್ ಲೀಬಿಗ್ ಎಂಬಾತನು ಗಾಜಿನ ಮೇಲೆ ಬೆಳ್ಳಿಯ ತೆಳುವಾದ ಲೇಪವನ್ನು ಕೂಡಿಸುವ ರಾಸಾಯನಿಕ ವಿಧಾನವನ್ನು ಕಂಡುಹಿಡಿದನು. ಮುಂದೆ ಕನ್ನಡಿಯು ಅಗ್ಗವಾಗಿ ಮನೆಮನೆಗೂ ಬಂದಿತು. ಆದರೂ ಅದರ ಕೆಲಸ ಮಾತ್ರ ಬೇಲೂರಿನ ಸುಂದರಿಯ ಕಾಲದಲ್ಲಿದ್ದಂತೆಯೇ ಉಳಿಯಿತು: ನೋಡುವವರಿಗೆ ಅವರದೇ ಮುಖವನ್ನು ತೋರಿಸುವುದು.

ಈ ಹಳೆಯ ಕೆಲಸದಿಂದ ಕನ್ನಡಿಯನ್ನು ಬಿಡಿಸಿ, ಬೇರೆಯವರನ್ನು ತೋರಿಸುವ ಕೆಲಸಕ್ಕೆ ಹಚ್ಚಿದ್ದು ಮೋಟಾರು ಕಾರು. ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಮಹಿಳೆ ಆ ಕಾಲದ ಹೆಸರಾಂತ ಕಾರು ಚಾಲಕಿ. 1909ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆಕೆ, ಕಾರು ನಡೆಸುವ ಸ್ತ್ರೀಯರು ಒಂದು ಕೈಗನ್ನಡಿಯನ್ನು ಹತ್ತಿರದಲ್ಲಿಟ್ಟುಕೊಳ್ಳಬೇಕೆಂದೂ, ಆಗಾಗ ಅದನ್ನು ಎತ್ತಿಹಿಡಿದು ಹಿಂದಿನ ವಾಹನಗಳನ್ನು ಗಮನಿಸಬೇಕೆಂದೂ ಸಲಹೆ ಕೊಟ್ಟಳು. ಎರಡು ವರ್ಷಗಳ ತರುವಾಯ, 1911ರ ಮೇ 30ರಂದು, ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ 500 ಮೈಲಿಗಳ ಮೊದಲ ಕಾರು ಪಂದ್ಯ ನಡೆಯಿತು. ಅಂದಿನ ಪಂದ್ಯದ ಕಾರುಗಳಲ್ಲಿ ಚಾಲಕನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕನು ಕುಳಿತು, ಹಿಂದಿನಿಂದ ಬರುವ ಕಾರುಗಳ ಮೇಲೆ ಕಣ್ಣಿಡುತ್ತಿದ್ದನು. ರೇ ಹಾರೂನ್ ಎಂಬಾತನು ಮಾತ್ರ ಒಬ್ಬನೇ ಕೂರಬಹುದಾದ ಕಾರನ್ನು ತಂದನು. ಹಿಂದೆ ನೋಡುವವರಿಲ್ಲದ ಕಾರು ಅಪಾಯಕರವೆಂದು ಉಳಿದವರು ಆಕ್ಷೇಪಿಸಿದಾಗ, ಅವನು ತನ್ನ ಮುಂದುಗಡೆ ಒಂದು ಕನ್ನಡಿಯನ್ನು ಬಿಗಿದುಕೊಂಡನು. ಪಂದ್ಯದಲ್ಲಿ ಗೆದ್ದವನೂ ಅವನೇ. ಇಟ್ಟಿಗೆ ಹಾಸಿದ ಆ ದಾರಿಯ ಕುಲುಕಾಟದಲ್ಲಿ ಕನ್ನಡಿ ಅದುರಿ ಅದುರಿ ಏನೂ ಸರಿಯಾಗಿ ಕಾಣಲಿಲ್ಲವೆಂದು ಹಲವು ವರ್ಷಗಳ ಮೇಲೆ ಆತನೇ ಒಪ್ಪಿಕೊಂಡನು. ಕದಡಿದ ಕೆರೆಯಲ್ಲಿ ಗುಡಿ ಕಾಣದಂತೆ, ಅದುರುವ ಕನ್ನಡಿಯಲ್ಲಿ ದಾರಿ ಕಾಣದು.

ಇಂದಿನ ಕಾರಿನಲ್ಲಿ ಸಾಮಾನ್ಯವಾಗಿ ಮೂರು ಕನ್ನಡಿಗಳಿರುತ್ತವೆ. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಕಾರಿನ ಒಳಗೆ ಒಂದು. ಹೊರಗೆ ಬಾಗಿಲುಗಳ ಬಳಿ ಎಡಕ್ಕೊಂದು, ಬಲಕ್ಕೊಂದು. ಹಿಂದೆ ನಮ್ಮ ದೇಶದ ಅಗ್ಗದ ಕಾರುಗಳಿಗೆ ಎಡಗನ್ನಡಿ ಇಲ್ಲದಿರುವುದೂ ಉಂಟಾಗಿತ್ತು. 2009ರಲ್ಲಿ ಮಾರಾಟಕ್ಕೆ ಬಂದ ಟಾಟಾ ನ್ಯಾನೊ ಕಾರಿನ ಆರಂಭದ ಸಾದಾ ಮಾದರಿಯಲ್ಲಿ ಚಾಲಕನ ಬದಿಗೆ ಮಾತ್ರ ಹೊರಗನ್ನಡಿ ಇದ್ದಿತು. ಮೂರು ಕನ್ನಡಿಗಳೂ ನೋಟಕ್ಕೆ ಒಂದೇ ಬಗೆಯವೆಂದು ತೋರಿದರೂ ಅವುಗಳ ಗುಣ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಅರಿಯದ ಚಾಲಕನಿಗೆ ಕನ್ನಡಿಯಿದ್ದೂ ಮೋಸವಾಗಬಹುದು.

ಒಳಗಿನ ಕನ್ನಡಿಯು ಸಮತಲ ದರ್ಪಣ. ಇದರಲ್ಲಿ ಬಿಂಬವು ವಸ್ತುವಿನಷ್ಟೇ ದೊಡ್ಡದಾಗಿರುತ್ತದೆ. ವಸ್ತುವು ಕನ್ನಡಿಯಿಂದ ಎಷ್ಟು ಈಚೆಗಿದೆಯೋ ಬಿಂಬವು ಅಷ್ಟೇ ಆಚೆಗೆ ತೋರುತ್ತದೆ. ಆದ್ದರಿಂದ ಹಿಂದಿನ ವಾಹನ ನಿಜವಾಗಿ ಎಷ್ಟು ದೂರದಲ್ಲಿದೆ ಎಂಬುದನ್ನು ಈ ಕನ್ನಡಿ ಸುಳ್ಳಿಲ್ಲದೆ ಹೇಳುತ್ತದೆ. ಆದರೆ ಇದರ ದೃಷ್ಟಿಕ್ಷೇತ್ರ ಕಿರಿದು. ಹಿಂದಿನ ಗಾಜಿನ ಮೂಲಕ ಕಾಣುವಷ್ಟನ್ನೇ ಇದು ತೋರಿಸಬಲ್ಲದು. ಕಾರಿನ ಇಕ್ಕೆಲಗಳನ್ನು ತೋರಿಸದು. ಬಿಂಬವು ಕನ್ನಡಿಯ ಆಚೆ ಇರುವಂತೆ ತೋರಿದರೂ ಅಲ್ಲಿ ಏನೂ ಇರುವುದಿಲ್ಲ. ವಿಜ್ಞಾನವು ಇದನ್ನು ಮಿಥ್ಯಬಿಂಬವೆಂದು ಕರೆದರೆ, ನಮ್ಮ ಹಿರಿಯರು 'ಕನ್ನಡಿಯೊಳಗಿನ ಗಂಟು' ಎಂದು ಎಂದೋ ಕರೆದಿದ್ದಾರೆ.

ಹೊರಗಿನ ಕನ್ನಡಿಗಳು ನಮ್ಮಲ್ಲಿ ಸಾಮಾನ್ಯವಾಗಿ ಪೀನ ದರ್ಪಣಗಳು. ಅಂದರೆ, ಅವುಗಳ ಮೇಲ್ಮೈ ಹೊರಕ್ಕೆ ಕೊಂಚ ಉಬ್ಬಿರುತ್ತದೆ. ಉಬ್ಬಿದ ಮೇಲ್ಮೈಯು ಅಗಲವಾದ ಪ್ರದೇಶದಿಂದ ಬರುವ ಬೆಳಕನ್ನು ಕೂಡಿಸಿ ಕಣ್ಣಿಗೆ ಕಳುಹಿಸುತ್ತದೆ. ಅಂಗೈಯಗಲದ ಕನ್ನಡಿಯಲ್ಲಿ ರಸ್ತೆ, ಅದರ ಅಂಚು, ಅಂಚಿನ ಬೇವಿನ ಮರ, ಸೈಕಲ್ ಸವಾರ ಎಲ್ಲವೂ ಕಾಣುತ್ತವೆ. ಇಷ್ಟನ್ನು ಇಷ್ಟು ಚಿಕ್ಕ ಜಾಗದಲ್ಲಿ ತುಂಬಬೇಕಾದರೆ ಪ್ರತಿಯೊಂದೂ ಕುಗ್ಗಲೇಬೇಕು. ಕುಗ್ಗಿದ ವಸ್ತು ದೂರದಲ್ಲಿರುವಂತೆ ತೋರುತ್ತದೆ. ಇದೇ ಪೀನ ದರ್ಪಣದ ಉಪಕಾರ ಮತ್ತು ಅಪಾಯ. ಕನ್ನಡಿಯಲ್ಲಿ ಕಾಣುವ ವಸ್ತುಗಳು ತೋರುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಎಚ್ಚರಿಕೆಯನ್ನು ಅನೇಕ ಕಾರುಗಳ ಹೊರಗನ್ನಡಿಯ ಮೇಲೆ ಅಚ್ಚುಹಾಕಿರುತ್ತಾರೆ.

ನಿಮ್ನ ದರ್ಪಣವು, ಅಂದರೆ ಒಳಕ್ಕೆ ತಗ್ಗಿರುವ ಕನ್ನಡಿಯು, ಈ ಕೆಲಸಕ್ಕೆ ಒದಗುವುದಿಲ್ಲ. ಅದು ದೂರದ ವಸ್ತುಗಳನ್ನು ತಲೆಕೆಳಗಾಗಿ ತೋರಿಸುತ್ತದೆ. ಆದರೆ ಅದಕ್ಕೂ ವಾಹನದಲ್ಲಿ ಸ್ಥಾನವುಂಟು. ದೀಪದ ಹಿಂದೆ ಕುಳಿತು, ಬೆಳಕನ್ನು ಚದುರಗೊಡದೆ ಮುಂದಕ್ಕೆ ತಳ್ಳುವುದು ಒಳತಗ್ಗಿನ ಪ್ರತಿಫಲಕವೇ.

ಈ ಕನ್ನಡಿಗಳನ್ನು ಬಳಸುವ ಬಗೆಯನ್ನು ತಿಳಿಯಲು, ಬಾದಾಮಿಯಿಂದ ಇಳಕಲ್ಲಿಗೆ ಹೊರಟ ಒಂದು ಬಾಡಿಗೆ ಕಾರನ್ನು ಕಲ್ಪಿಸಿಕೊಳ್ಳೋಣ. ಹೊಸದಾಗಿ ಲೈಸೆನ್ಸ್ ಪಡೆದ ಯುವಕನೊಬ್ಬ ಕಾರು ನಡೆಸುತ್ತಿದ್ದಾನೆ. ಮೂವತ್ತು ವರ್ಷ ಗಾಡಿ ಹೊಡೆದು ಅನುಭವವುಳ್ಳ ಅವನ ಕಾಕಾ ಎಡಬದಿಯಲ್ಲಿ ಕುಳಿತಿದ್ದಾರೆ. ಕಬ್ಬು ಕಡಿಯುವ ಕಾಲ. ಯುವಕನು ಕುಳಿತವನೇ ಕೀಲಿಗೆ ಕೈಹಾಕುತ್ತಾನೆ. ಕಾಕಾ ತಡೆಯುತ್ತಾರೆ.

"ತಮ್ಮಾ, ಮೊದಲ ಸೀಟು ಸರಿ ಮಾಡ್ಕೊ; ಆಮ್ಯಾಲ ಕನ್ನಡಿ; ಆಮ್ಯಾಲ ಕೀಲಿ."

ಈ ಕ್ರಮಕ್ಕೆ ಕಾರಣವುಂಟು. ಕನ್ನಡಿಯಲ್ಲಿ ಏನು ಕಾಣುತ್ತದೆ ಎಂಬುದು ಕನ್ನಡಿಯನ್ನು ಮಾತ್ರವೇ ಅಲ್ಲ, ನೋಡುವ ಕಣ್ಣು ಎಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಆಸನವು ನಾಲ್ಕು ಬೆರಳು ಹಿಂದೆ ಸರಿದರೂ ನೋಟ ಬದಲಾಗುತ್ತದೆ. ಒಳಗನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿಯಾಗಿ ಕಾಣಬೇಕು. ಹೊರಗನ್ನಡಿಗಳಲ್ಲಿ ತನ್ನ ಕಾರಿನ ಅಂಚು ಒಂದು ಗೆರೆಯಷ್ಟು ಮಾತ್ರ ಕಾಣಬೇಕು, ಉಳಿದುದೆಲ್ಲವೂ ರಸ್ತೆಯಾಗಿರಬೇಕು. ತನ್ನ ಬಾಗಿಲನ್ನೇ ಅರ್ಧ ಕನ್ನಡಿಯಲ್ಲಿ ನೋಡುತ್ತ ಹೋಗುವವನು ಬೇಲೂರಿನ ಸುಂದರಿಯಂತೆ ತನ್ನನ್ನೇ ನೋಡಿಕೊಂಡಂತಾಯಿತು. ಆಕೆ ಕಲ್ಲಿನವಳು, ಅವಳಿಂದ ಯಾರಿಗೂ ಅಪಾಯವಿಲ್ಲ.

ಕಾರು ಬಾದಾಮಿಯ ಬೀದಿಯಲ್ಲಿ ಮೆಲ್ಲಗೆ ಸಾಗುತ್ತದೆ. ಟಂಟಂ ಗಾಡಿಗಳು, ಮೋಟಾರು ಸೈಕಲ್ಲುಗಳು, ಗುಹೆಗಳನ್ನು ನೋಡಲು ಬಂದ ಪ್ರವಾಸಿಗಳು, ಶಾಲೆಯ ಮಕ್ಕಳು. ಇಲ್ಲಿ ಯುವಕನು ಎಡಗಡೆಯ ತಿರುವು ತೆಗೆದುಕೊಳ್ಳಬೇಕಾಗಿದೆ. ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ಚಾಲಕನು ಕಾರಿನ ಬಲಬದಿಯಲ್ಲಿ ಕೂರುತ್ತಾನೆ. ಕಾರಿನ ಎಡ ಅಂಚು ಅವನಿಂದ ದೂರ. ಕಾರಿಗೂ ರಸ್ತೆಯ ಅಂಚಿಗೂ ನಡುವೆ ಉಳಿದ ಇಕ್ಕಟ್ಟಿನಲ್ಲಿಯೇ ಸೈಕಲ್ ತೂರಿಬರುತ್ತದೆ. ಎಡಗನ್ನಡಿಯನ್ನು ನೋಡದೆ ಎಡಕ್ಕೆ ಹೊರಳಿದರೆ ಆ ಸೈಕಲ್ಲಿಗೆ ಹೋಗಲು ದಾರಿಯೇ ಇರುವುದಿಲ್ಲ. ಆದ್ದರಿಂದ ಮೊದಲು ಕನ್ನಡಿ, ಬಳಿಕ ಸೂಚನೆಯ ದೀಪ, ಕೊನೆಯಲ್ಲಿ ತಿರುವು ಎಂಬ ಕ್ರಮವನ್ನು ಚಾಲಕರಿಗೆ ಕಲಿಸುತ್ತಾರೆ. ಬಹುಮಂದಿ ಇದನ್ನು ತಿರುವು ಮುರುವಾಗಿ ಮಾಡುತ್ತಾರೆ: ಮೊದಲು ತಿರುಗಿ, ಆಮೇಲೆ ದೀಪ ಹಾಕಿ, ಬೈಗುಳ ಕೇಳಿದ ಮೇಲೆ ಕನ್ನಡಿ ನೋಡುತ್ತಾರೆ.

ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕಾರು ಅಮೀನಗಡದ ಆಚೆ ಹುನಗುಂದದ ದಾರಿ ಹಿಡಿಯುತ್ತದೆ. ಮುಂದೆ ಒಂದು ಟ್ರ್ಯಾಕ್ಟರು. ಅದರ ಹಿಂದೆ ಎರಡು ಟ್ರೇಲರುಗಳು; ಅವುಗಳ ಮೇಲೆ ಇಕ್ಕೆಲಕ್ಕೂ ಚಾಚಿಕೊಂಡ ಕಬ್ಬಿನ ಹೊರೆ. ಯುವಕನು ಬಲಕ್ಕೆ ಹೊರಳಿ ಅದನ್ನು ದಾಟಬೇಕೆನ್ನುವಷ್ಟರಲ್ಲಿ ಕಾಕಾ, "ಕನ್ನಡಿ ನೋಡಿದೇನು?" ಎನ್ನುತ್ತಾರೆ. ಅವನು ನೋಡುತ್ತಾನೆ. ಒಳಗನ್ನಡಿಯಲ್ಲಿ ಬಿಳಿಯ ವಾಹನವೊಂದು ಕಾಣುತ್ತದೆ. ಅದರ ಹಣೆಯ ಮೇಲೆ 'ಆಂಬುಲೆನ್ಸ್' ಎಂಬ ಬರಹ ಸರಿಯಾಗಿ ಓದಲು ಬರುತ್ತದೆ. ನೇರವಾಗಿ ನೋಡಿದವರಿಗೆ ಆ ಅಕ್ಷರಗಳು ಎಡಬಲವಾಗಿ, ಓದಲಾರದಂತೆ ಇರುತ್ತವೆ. ಕನ್ನಡಿಯು ಎಡವನ್ನು ಬಲವಾಗಿಯೂ ಬಲವನ್ನು ಎಡವಾಗಿಯೂ ತೋರಿಸುತ್ತದೆ. ಇದಕ್ಕೆ ಪಾರ್ಶ್ವವಿಪರ್ಯಯ ಎಂದು ಹೆಸರು. ತಿರುಗಿಸಿ ಬರೆದುದನ್ನು ಕನ್ನಡಿಯು ಮತ್ತೊಮ್ಮೆ ತಿರುಗಿಸಿ ನೇರ ಮಾಡುತ್ತದೆ. ಹಾಗಾದರೆ ಆ ಬರಹ ದಾರಿಹೋಕರಿಗಾಗಿ ಬರೆದುದಲ್ಲ. ಮುಂದಿನ ಚಾಲಕನ ಕನ್ನಡಿಗೆಂದೇ ಬರೆದ ಓಲೆ. ಅವನು ಕನ್ನಡಿ ನೋಡದಿದ್ದರೆ ಆ ಓಲೆ ಒಡೆಯದೆಯೇ ಉಳಿದಂತೆ.

ಯುವಕನು ಕಾರನ್ನು ಎಡಕ್ಕೆ ಸರಿಸಿ ದಾರಿ ಬಿಡುತ್ತಾನೆ. ಆಂಬುಲೆನ್ಸು ಮುಂದೆ ಹೋಗಿ ಟ್ರ್ಯಾಕ್ಟರಿನ ಬೆನ್ನಿಗೆ ನಿಲ್ಲುತ್ತದೆ. ಎದುರಿನಿಂದ ವಾಹನಗಳು ಒಂದರ ಹಿಂದೊಂದು ಬರುತ್ತಿವೆ; ಟ್ರ್ಯಾಕ್ಟರು ಪಕ್ಕಕ್ಕೆ ಸರಿದ ಹೊರತು ದಾರಿಯಿಲ್ಲ. ಅದರ ಚಾಲಕ ಕೆಟ್ಟವನೇನಲ್ಲ. ಆದರೆ ಅವನ ಹಿಂದೆ ಕಬ್ಬು ಗೋಡೆಯಂತೆ ನಿಂತಿದೆ. ಅವನಿಗೆ ಕನ್ನಡಿ ಇದ್ದರೂ ಅದರಲ್ಲಿ ಕಾಣುವುದು ಕಬ್ಬು ಮಾತ್ರ. ಸೈರನ್ನಿನ ಸದ್ದಾದರೂ ಕೇಳಬಹುದಿತ್ತು. ಅವನ ಪಕ್ಕದಲ್ಲಿ ದೊಡ್ಡ ದನಿಯಲ್ಲಿ ಹಾಡು ಮೊಳಗುತ್ತಿದೆ. ಆಂಬುಲೆನ್ಸಿನೊಳಗೆ ಹೆರಿಗೆಯ ನೋವಿನ ತಾಯಿ ಇದ್ದಾಳೋ, ಹಾವು ಕಚ್ಚಿಸಿಕೊಂಡ ರೈತನಿದ್ದಾನೋ ಅವನಿಗೆ ತಿಳಿಯದು. ಕೊನೆಗೆ ಎದುರಿನ ದಾರಿ ತೆರವಾಗುವ ತನಕ ಆ ಜೀವವು ಕಬ್ಬಿನ ಹಿಂದೆ, ಎತ್ತಿನ ನಡಿಗೆಯಲ್ಲಿ ಸಾಗುತ್ತದೆ. ಹೊರೆಯನ್ನು ಮಿತಿಯಲ್ಲಿ ಹೇರಿ, ಹಾಡನ್ನು ಕೊಂಚ ತಗ್ಗಿಸಿದ್ದರೆ ಆ ನಿಮಿಷಗಳು ಉಳಿಯುತ್ತಿದ್ದವು. ಲಾರಿಗಳ ಬೆನ್ನಿನ ಮೇಲೆ 'ಹಾರ್ನ್ ಮಾಡಿ' ಎಂದು ಬರೆಸುವ ರೂಢಿ ಏಕೆ ಬಂದಿತೆಂಬುದನ್ನು ಇಲ್ಲಿ ಊಹಿಸಬಹುದು. ಕಣ್ಣಿಗೆ ಕಾಣದುದನ್ನು ಕಿವಿಗೆ ಒಪ್ಪಿಸುವ ಏರ್ಪಾಡು ಅದು. ಕಿವಿಯನ್ನೂ ಮುಚ್ಚಿಕೊಂಡವನಿಗೆ ಯಾವ ಏರ್ಪಾಡೂ ಇಲ್ಲ.

ಹುನಗುಂದದ ಬಳಿ ಕಾರು ವಿಜಯಪುರದಿಂದ ಹೊಸಪೇಟೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯನ್ನು ಸೇರುತ್ತದೆ. ಇದು ನಾಲ್ಕು ಪಥಗಳ ರಸ್ತೆ, ವೇಗವೂ ಹೆಚ್ಚು. ಇಳಕಲ್ಲಿನ ಕೆಂಪು ಗ್ರಾನೈಟು ಬಂಡೆಗಳನ್ನು ಹೊತ್ತ ಲಾರಿಯನ್ನು ದಾಟಲು ಯುವಕನು ಬಲಗನ್ನಡಿಯನ್ನು ನೋಡುತ್ತಾನೆ. ಹಿಂದೆ ಒಂದು ಕಾರು ಬರುತ್ತಿದೆ. ಬಹುದೂರದಲ್ಲಿದೆ ಎಂದು ಅವನಿಗೆ ತೋರುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಕನ್ನಡಿಯ ವಕ್ರತಾತ್ರಿಜ್ಯ 1.2 ಮೀಟರೆಂದೂ, ಅದು ಚಾಲಕನ ಕಣ್ಣಿನಿಂದ 80 ಸೆಂಟಿಮೀಟರು ದೂರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಕನ್ನಡಿಯಿಂದ 12 ಮೀಟರು ಹಿಂದಿರುವ ಕಾರಿನ ಬಿಂಬವು ಸಮತಲ ದರ್ಪಣದಲ್ಲಿ ಕಾಣುವ ಗಾತ್ರದ ಅರ್ಧಕ್ಕಿಂತಲೂ ಚಿಕ್ಕದಾಗಿ ತೋರುತ್ತದೆ. ಗಾತ್ರವನ್ನೇ ನಂಬಿ ದೂರವನ್ನು ಅಳೆಯುವ ಕಣ್ಣು ಅದನ್ನು ಸುಮಾರು 29 ಮೀಟರು ದೂರದಲ್ಲಿದೆ ಎಂದು ತಿಳಿಯುತ್ತದೆ. ನಮ್ಮ ಕಾರಿನ ವೇಗ ಗಂಟೆಗೆ 80 ಕಿಲೋಮೀಟರು, ಹಿಂದಿನದರ ವೇಗ 100 ಕಿಲೋಮೀಟರು ಆಗಿದ್ದರೆ, ಅದು ನಮ್ಮನ್ನು ಸೆಕೆಂಡಿಗೆ ಐದೂವರೆ ಮೀಟರಿನಂತೆ ಸಮೀಪಿಸುತ್ತಿರುತ್ತದೆ. ತನಗೆ ಐದು ಸೆಕೆಂಡು ಸಮಯವಿದೆ ಎಂದು ಯುವಕನು ಭಾವಿಸುತ್ತಾನೆ. ನಿಜವಾಗಿ ಇರುವುದು ಎರಡು ಸೆಕೆಂಡು. ಈ ಮೂರು ಸೆಕೆಂಡಿನ ತಪ್ಪು ತಿಳಿವಳಿಕೆಯಲ್ಲಿ ಎಷ್ಟೋ ಅಪಘಾತಗಳ ಬೀಜವಿದೆ. ಆದ್ದರಿಂದ ಅನುಭವಿ ಚಾಲಕನು ಹೊರಗನ್ನಡಿಯನ್ನು ಮಾತ್ರ ನಂಬುವುದಿಲ್ಲ. ವಾಹನ ಇದೆಯೇ ಎಂಬುದನ್ನು ಹೊರಗನ್ನಡಿಯಿಂದ ತಿಳಿದು, ಎಷ್ಟು ಹತ್ತಿರವಿದೆ ಎಂಬುದನ್ನು ಒಳಗನ್ನಡಿಯಿಂದ ಖಚಿತಪಡಿಸಿಕೊಳ್ಳುತ್ತಾನೆ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಮೂರು ಕನ್ನಡಿಗಳಿಗೂ ಸಿಕ್ಕದ, ಚಾಲಕನ ಕಡೆಗಣ್ಣಿಗೂ ಬೀಳದ ಜಾಗವೊಂದು ಕಾರಿನ ಎರಡೂ ಪಕ್ಕಗಳಲ್ಲಿ, ಹಿಂದಿನ ಬಾಗಿಲಿನಿಂದಾಚೆಗೆ ಇರುತ್ತದೆ. ಇದನ್ನು ಚಾಲಕರು 'ಬ್ಲೈಂಡ್ ಸ್ಪಾಟ್' ಎನ್ನುತ್ತಾರೆ. ಕುರುಡು ಮೂಲೆ ಎನ್ನಬಹುದು. ಆ ಮೂಲೆಯಲ್ಲಿ ಒಂದು ಮೋಟಾರು ಸೈಕಲ್ಲು ಪೂರ್ತಿಯಾಗಿ ಅಡಗಿಬಿಡಬಲ್ಲದು. ಪಥ ಬದಲಿಸುವ ಮುನ್ನ ಭುಜದ ಮೇಲಿಂದ ಒಂದು ಕ್ಷಣ ಕಣ್ಣು ಹಾಯಿಸುವುದೊಂದೇ ಇದಕ್ಕೆ ಉಪಾಯ. ವಾಹನವು ದೊಡ್ಡದಾದಷ್ಟೂ ಕುರುಡು ಮೂಲೆಯೂ ದೊಡ್ಡದು. ಬಸ್ಸು, ಲಾರಿಗಳ ಮೂತಿಯ ಕೆಳಗೆ ಕೂಡ ಕಾಣದ ಜಾಗವಿರುತ್ತದೆ. ಅದಕ್ಕಾಗಿಯೇ ಅನೇಕ ದೊಡ್ಡ ವಾಹನಗಳ ಮುಂಭಾಗಕ್ಕೆ ಇನ್ನೊಂದು ಉಬ್ಬುಗನ್ನಡಿಯನ್ನು ತೂಗುಹಾಕಿರುತ್ತಾರೆ.

ಇಳಕಲ್ಲು ಸೇರುವ ಹೊತ್ತಿಗೆ ಕತ್ತಲೆಯಾಗುತ್ತದೆ. ಹಿಂದಿನ ಲಾರಿಯ ದೀಪವು ಒಳಗನ್ನಡಿಯಲ್ಲಿ ಬಿದ್ದು ಯುವಕನ ಕಣ್ಣು ಕುಕ್ಕುತ್ತದೆ. ಕಾಕಾ ಕೈಚಾಚಿ ಕನ್ನಡಿಯ ಕೆಳಗಿನ ಚಿಕ್ಕ ಸನ್ನೆಯನ್ನು ಹಿಂದಕ್ಕೆ ಮಗುಚುತ್ತಾರೆ; ಉರಿಯುವ ಬೆಳಕು ಒಮ್ಮೆಲೇ ಮಬ್ಬಾಗುತ್ತದೆ. ಈ ಕನ್ನಡಿಯ ಗಾಜು ಒಂದೇ ದಪ್ಪನಾಗಿರದೆ ಮರ ಸೀಳುವ ಬೆಣೆಯಂತೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿರುತ್ತದೆ. ಹಗಲಿನಲ್ಲಿ ಗಾಜಿನ ಬೆನ್ನಿಗಿರುವ ಹೊಳಪು ಲೇಪವು ಬೆಳಕನ್ನು ಕಣ್ಣಿಗೆ ಕಳಿಸುತ್ತದೆ. ಸನ್ನೆಯನ್ನು ಮಗುಚಿದಾಗ ಆ ಬೆಳಕು ಕಾರಿನ ಛಾವಣಿಗೆ ಹೋಗುತ್ತದೆ. ಕಣ್ಣಿಗೆ ಬರುವುದು ಗಾಜಿನ ಮುಂಬದಿಯಿಂದ ಪ್ರತಿಫಲಿಸಿದ, ನೂರರಲ್ಲಿ ನಾಲ್ಕು ಪಾಲಿನಷ್ಟು ಬೆಳಕು ಮಾತ್ರ. ಕತ್ತಲೆಯಲ್ಲಿ ಅಷ್ಟೇ ಸಾಕು. ಬೆಳಕಿಗೆ ತಕ್ಕಂತೆ ತಾನಾಗಿಯೇ ಮಬ್ಬಾಗುವ ಕನ್ನಡಿಗಳೂ ಈಗ ಬಂದಿವೆ.

ಊರಿನೊಳಗೆ ಒಂದು ಮನೆಯ ಮುಂದೆ ಕಾರನ್ನು ನಿಲ್ಲಿಸಿ, ಊಟ ಮುಗಿಸಿ, ಇಬ್ಬರೂ ಮರಳಲು ಸಿದ್ಧರಾಗುತ್ತಾರೆ. ಕಾರನ್ನು ಹಿಂದಕ್ಕೆ ತೆಗೆಯಬೇಕು. ಯುವಕನು ಮೂರೂ ಕನ್ನಡಿಗಳನ್ನು ನೋಡಿ, "ಯಾರೂ ಇಲ್ಲ, ಕಾಕಾ" ಎನ್ನುತ್ತಾನೆ.

"ಇಳದು ಒಂದ ಸುತ್ತ ಹಾಕಿ ಬಾ" ಎನ್ನುತ್ತಾರೆ ಕಾಕಾ.

ಯುವಕನು ಒಲ್ಲದ ಮನಸ್ಸಿನಿಂದ ಇಳಿಯುತ್ತಾನೆ. ಬೀದಿಯ ದೀಪದ ಬೆಳಕಿನಲ್ಲಿ, ಹಿಂದಿನ ಚಕ್ರಕ್ಕೆ ಒಂದು ಮಾರು ದೂರದಲ್ಲಿ, ನಾಲ್ಕು ವರ್ಷದ ಮಗುವೊಂದು ಕುಕ್ಕುರುಗಾಲಿನಲ್ಲಿ ಕುಳಿತು ಗೋಲಿ ಹುಡುಕುತ್ತಿದೆ. ಅದರ ತಲೆ ಕಾರಿನ ಹಿಂದಿನ ಗಾಜಿಗಿಂತ ಕೆಳಗಿದೆ. ಯಾವ ಕನ್ನಡಿಯೂ ಅದನ್ನು ತೋರಿಸಿರಲಿಲ್ಲ. ಯುವಕನು ಮಗುವನ್ನು ಎತ್ತಿ ಮನೆಯವರ ಕೈಗೆ ಕೊಟ್ಟು ಬಂದು, ಬಹಳ ಹೊತ್ತು ಮಾತಾಡದೆ ಕುಳಿತುಕೊಳ್ಳುತ್ತಾನೆ. ಕಾಕಾ ಕೂಡ ಏನೂ ಹೇಳುವುದಿಲ್ಲ.

ಇಂಥ ಅಪಾಯವನ್ನು ತಪ್ಪಿಸಲೆಂದೇ ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿಯ ಅಡ್ಡಿಗಳನ್ನು ಅರಿತು ಸದ್ದು ಮಾಡುವ ಸಂವೇದಕಗಳನ್ನು ಕಡ್ಡಾಯಗೊಳಿಸಲಾಯಿತು. ಜಪಾನ್ ದೇಶವು 2016ರಲ್ಲಿ ಹೊರಗನ್ನಡಿಗಳ ಬದಲು ಕ್ಯಾಮೆರಾ ಅಳವಡಿಸಲು ಅನುಮತಿ ನೀಡಿತು. 2018ರಲ್ಲಿ ಅಲ್ಲಿ ಲೆಕ್ಸಸ್ ಸಂಸ್ಥೆಯ ಅಂಥ ಕಾರು ಮಾರಾಟಕ್ಕೆ ಬಂದಿತು. ಮಳೆಹನಿಯಾಗಲಿ, ಕತ್ತಲೆಯಾಗಲಿ ಇವುಗಳನ್ನು ಕನ್ನಡಿಯಷ್ಟು ಬಾಧಿಸದು. ಆದರೆ ಕ್ಯಾಮೆರಾ ತೋರಿಸುವ ಚಿತ್ರವನ್ನೂ ಒಬ್ಬರು ನೋಡಬೇಕು. ಸಂವೇದಕದ ಸದ್ದನ್ನೂ ಒಬ್ಬರು ಕೇಳಬೇಕು. ನೋಡುವ ಹೊಣೆಯಿಂದ ಚಾಲಕನನ್ನು ಇವು ಬಿಡುಗಡೆ ಮಾಡಲಾರವು. ಇಂದಿಗೂ ನಮ್ಮ ಸಾರಿಗೆ ಬಸ್ಸು ನಿಲ್ದಾಣದಲ್ಲಿ ಹಿಂದಕ್ಕೆ ಸರಿಯುವಾಗ ಕಂಡಕ್ಟರನು ಕೆಳಗಿಳಿದು, ಸೀಟಿ ಊದುತ್ತ, ಬಸ್ಸಿನ ಮೈಯನ್ನು ತಟ್ಟುತ್ತ ದಾರಿ ತೋರಿಸುತ್ತಾನೆ. ಪುಷ್ಯಮಾಸದ ಬನಶಂಕರಿ ಜಾತ್ರೆಯಲ್ಲಿ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಜನ ಎಲ್ಲವೂ ಒಂದೇ ದಾರಿಯಲ್ಲಿ ನೆರೆದಾಗ ಆ ಸೀಟಿಯೇ ಬಸ್ಸಿನ ನಾಲ್ಕನೆಯ ಕನ್ನಡಿ.

ಕನ್ನಡಿಯ ವಿಷಯದಲ್ಲಿ ಚಾಲಕನು ತಿಳಿಯಬೇಕಾದಂತೆಯೇ, ವಾಹನ ನಡೆಸದ ವಿದ್ಯಾರ್ಥಿಯೂ ತಿಳಿಯಬೇಕಾದ ಒಂದು ಸಂಗತಿಯಿದೆ. ಬೆಳಕು ಯಾವ ಹಾದಿಯಲ್ಲಿ ಬರುತ್ತದೆಯೋ ಅದೇ ಹಾದಿಯಲ್ಲಿ ಹಿಂದಿರುಗಿಯೂ ಹೋಗಬಲ್ಲದು. ಆದ್ದರಿಂದ ಕನ್ನಡಿಯ ನೋಟವು ಎರಡು ಕಡೆಯದು. ಬಸ್ಸಿನ ಪಕ್ಕದಲ್ಲಿ ಸೈಕಲ್ ಮೇಲೆ ಸಾಗುವ ಹುಡುಗನಿಗೆ ಬಸ್ಸಿನ ಕನ್ನಡಿಯಲ್ಲಿ ಚಾಲಕನ ಕಣ್ಣು ಕಂಡರೆ, ಚಾಲಕನಿಗೂ ಆ ಹುಡುಗ ಕಾಣಬಲ್ಲನು. ಚಾಲಕನ ಮುಖವು ಯಾವ ಕನ್ನಡಿಯಲ್ಲೂ ಕಾಣದಿದ್ದರೆ, ಆ ಹುಡುಗನು ಕುರುಡು ಮೂಲೆಯಲ್ಲಿದ್ದಾನೆ. ಬಸ್ಸಿನ ಪಾಲಿಗೆ ಅವನು ಇಲ್ಲವೇ ಇಲ್ಲ. ಕೂಡಲೆ ಹಿಂದೆ ಸರಿದು ನಿಲ್ಲುವುದೇ ಲೇಸು. ಚಾಲಕನ ಕಣ್ಣು ಕಂಡಿತೆಂದು ಪೂರ್ತಿ ನಿಶ್ಚಿಂತನಾಗಿಯೂ ಇರಲಾಗದು. ಅವನು ಆ ಗಳಿಗೆಯಲ್ಲಿ ಬೇರೆಡೆ ನೋಡುತ್ತಿರಬಹುದು. ಕಾಣುವಂತಿರುವುದು ಬೇರೆ, ಕಂಡಿರುವುದು ಬೇರೆ. ಮೋಟಾರು ಸೈಕಲ್ಲಿನ ಅಂದಕ್ಕೆ ಅಡ್ಡಿಯೆಂದು ಕನ್ನಡಿಗಳನ್ನು ಬಿಚ್ಚಿಡುವ ತರುಣರೂ ಉಂಟು. ಅವರು ಕಳೆದುಕೊಳ್ಳುವುದು ಒಂದು ಗಾಜಿನ ತುಂಡನ್ನಲ್ಲ, ತಮ್ಮ ಹಿಂದಿರುವ ಲೋಕವನ್ನು.

ಸಂಸ್ಕೃತದಲ್ಲಿ ಕನ್ನಡಿಗೆ ದರ್ಪಣ, ಮುಕುರ ಎಂಬ ಹೆಸರುಗಳಲ್ಲದೆ 'ಆದರ್ಶ' ಎಂಬ ಹೆಸರೂ ಉಂಟು. ಮನೆಯ ಕನ್ನಡಿಯ ಮುಂದೆ ನಿಂತವರಿಗೆ ತಮ್ಮ ಮುಖ ಕಾಣುತ್ತದೆ. ವಾಹನದ ಕನ್ನಡಿಯಲ್ಲಿ ಕಾಣುವುದು ಬೇರೆಯವರ ಮುಖ: ಹಿಂದೆ ಬರುವವರದು, ಪಕ್ಕದಲ್ಲಿ ತೂರಿಬರುವವರದು, ಅವಸರದಲ್ಲಿ ಆಸ್ಪತ್ರೆಗೆ ಹೊರಟವರದು. ಇಳಕಲ್ಲಿನಿಂದ ಮರಳುವ ದಾರಿಯಲ್ಲಿ ಆ ಯುವಕನಿಗೆ ಕಾಕಾ ಮತ್ತೆ ನೆನಪಿಸಬೇಕಾಗಲಿಲ್ಲ. ಕಾರು ನಿಂತಲ್ಲೆಲ್ಲ ಅವನು ಮೊದಲು ಕನ್ನಡಿಗಳನ್ನು ನೋಡಿದನು. ಬಳಿಕ ಇಳಿದು ಒಂದು ಸುತ್ತು ಹಾಕಿ ಬಂದನು.

ಪದಗಳ ಅರ್ಥ

ಇಕ್ಕೆಲ – ಎರಡೂ ಪಕ್ಕ
ಕ್ರಮಿಸು – ದಾಟಿಹೋಗು
ತರುವಾಯ – ಅನಂತರ
ದೃಷ್ಟಿಕ್ಷೇತ್ರ – ನೋಟಕ್ಕೆ ಸಿಗುವ ಪ್ರದೇಶ
ಪೀನ – ಹೊರಕ್ಕೆ ಉಬ್ಬಿದ
ನಿಮ್ನ – ಒಳಕ್ಕೆ ತಗ್ಗಿದ
ಪಾರ್ಶ್ವವಿಪರ್ಯಯ – ಎಡಬಲಗಳು ಅದಲುಬದಲಾಗಿ ತೋರುವುದು
ಓಲೆ – ಕಾಗದ, ಪತ್ರ
ಮಾರು – ಚಾಚಿದ ಎರಡು ತೋಳುಗಳ ಅಳತೆ
ಸಂವೇದಕ – ಎದುರಿನ ವಸ್ತುವನ್ನು ಅರಿತು ಸೂಚನೆ ಕೊಡುವ ಸಾಧನ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಾಜಿಗೆ ಬೆಳ್ಳಿಯ ಲೇಪ ಕೂಡಿಸುವ ರಾಸಾಯನಿಕ ವಿಧಾನವನ್ನು ಕಂಡುಹಿಡಿದವರು ಯಾರು?
2. ಕಾರಿನ ಹೊರಗನ್ನಡಿಗಳು ಸಾಮಾನ್ಯವಾಗಿ ಯಾವ ಬಗೆಯ ದರ್ಪಣಗಳು?
3. ಕುರುಡು ಮೂಲೆ ಎಂದರೇನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕನ್ನಡಿಗಳನ್ನು ಹೊಂದಿಸುವ ಮೊದಲು ಆಸನವನ್ನು ಸರಿಪಡಿಸಿಕೊಳ್ಳಬೇಕು, ಏಕೆ?
2. ಆಂಬುಲೆನ್ಸಿನ ಮುಂಭಾಗದ ಬರಹವನ್ನು ಎಡಬಲವಾಗಿ ಬರೆಯಲು ಕಾರಣವೇನು?
3. ರಾತ್ರಿಯಲ್ಲಿ ಒಳಗನ್ನಡಿಯನ್ನು ಮಬ್ಬಾಗಿಸುವ ಬಗೆ ಹೇಗೆ?

ಇ) ಸಂದರ್ಭ ಸಹಿತ ವಿವರಿಸಿರಿ.
1. "ಇಳದು ಒಂದ ಸುತ್ತ ಹಾಕಿ ಬಾ."
2. "ಕಾಣುವಂತಿರುವುದು ಬೇರೆ, ಕಂಡಿರುವುದು ಬೇರೆ."

ಈ) ವಿವರವಾಗಿ ಉತ್ತರಿಸಿರಿ.
1. ಸಮತಲ ದರ್ಪಣ ಮತ್ತು ಪೀನ ದರ್ಪಣಗಳ ಉಪಯೋಗವನ್ನೂ ಕೊರತೆಯನ್ನೂ ಹೋಲಿಸಿ ಬರೆಯಿರಿ.
2. ಕಬ್ಬಿನ ಟ್ರ್ಯಾಕ್ಟರಿನ ಚಾಲಕನು ಆಂಬುಲೆನ್ಸಿಗೆ ದಾರಿ ಬಿಡದಿರಲು ಕಾರಣಗಳೇನು? ಅವುಗಳನ್ನು ಹೇಗೆ ತಪ್ಪಿಸಬಹುದಿತ್ತು?

ಉ) ಚಟುವಟಿಕೆ
ನಿಮ್ಮ ಊರಿನಲ್ಲಿ ನಿಂತಿರುವ ಒಂದು ಬಸ್ಸಿನ ಅಥವಾ ಕಾರಿನ ಚಾಲಕರ ಅನುಮತಿ ಪಡೆದು, ಶಿಕ್ಷಕರೊಡನೆ ಅದರ ಸುತ್ತ ನಡೆಯಿರಿ. ಯಾವ ಯಾವ ಜಾಗಗಳಿಂದ ಚಾಲಕರ ಮುಖ ಕನ್ನಡಿಯಲ್ಲಿ ಕಾಣುವುದಿಲ್ಲವೋ ಅವುಗಳನ್ನು ಸೀಮೆಸುಣ್ಣದಿಂದ ಗುರುತಿಸಿ, ನಕ್ಷೆ ಬರೆಯಿರಿ.